ನಾಲ್ಕು ಚೌಕದ ಜೀವಾವಧಿ

ಪೇಪರಿನಲ್ಲಿ ದಿನಾ ಕಾಮಿಕ್ ಸ್ಟ್ರಿಪ್ ಬರೆಯುವವರನ್ನು ಕಂಡರೆ ಎಲ್ಲರಿಗೂ ಸ್ವಲ್ಪ ಹೊಟ್ಟೆಕಿಚ್ಚು. ನಾಲ್ಕು ಚೌಕ ಎಳೆಯೋದು, ಒಳಗೊಬ್ಬ ಬೋಳುತಲೆ ಹುಡುಗ, ಪಕ್ಕದಲ್ಲೊಂದು ನಾಯಿ. ಹತ್ತು ನಿಮಿಷದ ಕೆಲಸ, ಅಲ್ವಾ? ಮಿಕ್ಕ ಹೊತ್ತೆಲ್ಲ ಕಾಲು ಚಾಚಿಕೊಂಡು ಕೂರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅಮೆರಿಕದ ಪತ್ರಿಕೆಗಳು ತಮ್ಮ ಸ್ಟ್ರಿಪ್ ಚಿತ್ರಕಾರರನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿವೆ ಅಂತ ಓದುತ್ತಾ ಹೋದೆ. ಗಾಣದ ಎತ್ತಿಗೆ ಇದನ್ನು ಓದಿ ಹೇಳಿದರೆ, ಅದು ತನ್ನ ಯಜಮಾನನನ್ನು ದೇವರು ಅನ್ನುತ್ತದೆ.

ಮೊದಲು ನಾಮಕರಣದ ವಿಷಯ. ಚಾರ್ಲ್ಸ್ ಶುಲ್ಜ್ ತಮಗೆ ಇಷ್ಟವಾದ ಒಂದು ಹೆಸರು ಹಿಡಿದುಕೊಂಡು ಸಿಂಡಿಕೇಟಿನ ಬಾಗಿಲಿಗೆ ಹೋದರು. ಸಿಂಡಿಕೇಟ್ ಅಂದರೆ ಒಬ್ಬ ಚಿತ್ರಕಾರನ ಸ್ಟ್ರಿಪ್ಪನ್ನು ನೂರಾರು ಪತ್ರಿಕೆಗಳಿಗೆ ಮಾರುವ ಕಂಪನಿ. ಅವರು ಆ ಹೆಸರನ್ನು ಪಕ್ಕಕ್ಕೆ ಸರಿಸಿ 'ಪೀನಟ್ಸ್' ಅಂತ ಇಟ್ಟರು. ಕಡಲೆಕಾಯಿ! ಆ ಸ್ಟ್ರಿಪ್ಪಿನಲ್ಲಿ ಆ ಹೆಸರಿನವರು ಯಾರೂ ಇಲ್ಲ. ನಾಯಿಯ ಹೆಸರೂ ಅದಲ್ಲ. ಹೆತ್ತ ಶುಲ್ಜ್‌ಗೆ ಈ ಹೆಸರು ಕೊನೆವರೆಗೂ ಹಿಡಿಸಲಿಲ್ಲ. ಅದಕ್ಕೇನು, ಹಕ್ಕುಪತ್ರದಲ್ಲಿ ಅಪ್ಪನ ಜಾಗದಲ್ಲಿ ಕಂಪನಿಯ ಹೆಸರಿತ್ತಲ್ಲ. 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಶುರುವಾಯಿತು. ಶುಲ್ಜ್ ಐವತ್ತು ವರ್ಷ ಬರೆದರು. ಒಟ್ಟು 17,897 ಸ್ಟ್ರಿಪ್. ಸಹಾಯಕರಿಲ್ಲ, ಮಾತು ಬರೆಯುವ ಬಲೂನಿನೊಳಗಿನ ಅಕ್ಷರ ಕೂಡ ಅವರದೇ ಕೈಯದ್ದು. ಆಮೇಲಾಮೇಲೆ ಕೈ ನಡುಗತೊಡಗಿತು. ಆ ಬೋಳುತಲೆ ಹುಡುಗ ಚಾರ್ಲಿ ಬ್ರೌನ್‌ನ ತಲೆಯ ಗೆರೆಯೂ ಜೊತೆಗೇ ನಡುಗಿತು. ದುಡ್ಡು ಬರಲಿಲ್ಲ ಅಂತ ನಾನು ಸುಳ್ಳು ಹೇಳೋದಿಲ್ಲ, ಚೆನ್ನಾಗೇ ಬಂತು. ಆದರೆ ಅಷ್ಟು ದುಡ್ಡಿಗೂ ಒಂದು ಹೆಸರು ಬದಲಾಯಿಸಲು ಆಗಲಿಲ್ಲ ನೋಡಿ.

ಇನ್ನು ಜಾಗದ ಸಮಾಚಾರ. 1905ರಲ್ಲಿ ವಿನ್ಸರ್ ಮೆಕೇ ಭಾನುವಾರದ ಸ್ಟ್ರಿಪ್ ಬರೆಯುತ್ತಿದ್ದಾಗ ಅವರಿಗೆ ಪತ್ರಿಕೆಯ ಇಡೀ ಪುಟ ಸಿಗುತ್ತಿತ್ತು. ಇಂಥ ದುಂದುಗಾರಿಕೆ ಎಷ್ಟು ದಿನ ನಡೆದೀತು? ಎರಡನೇ ಮಹಾಯುದ್ಧದಲ್ಲಿ ಕಾಗದಕ್ಕೆ ಬರ ಬಂತು, ಸ್ಟ್ರಿಪ್ಪುಗಳನ್ನು ಕುಗ್ಗಿಸಿದರು. ಯುದ್ಧ ಮುಗಿಯಿತು, ಬರ ಹೋಯಿತು, ಕುಗ್ಗಿದ್ದು ಕುಗ್ಗಿದ ಹಾಗೇ ಉಳಿಯಿತು. ಭಾನುವಾರದ ಸ್ಟ್ರಿಪ್ಪಿಗೆ ಒಂದು ವಿಶೇಷ ನಿಯಮವೂ ಬಂತು. ಮೊದಲ ಸಾಲಿನ ಚೌಕಗಳಲ್ಲಿ ಕತೆಗೆ ಬೇಕಾದ್ದು ಏನೂ ಇರಕೂಡದು. ಯಾಕೆಂದರೆ ಎಷ್ಟೋ ಪತ್ರಿಕೆಗಳು ಆ ಸಾಲನ್ನೇ ಕಿತ್ತು ಬಿಸಾಕುತ್ತವೆ. ಹಾಗಂತ ಖಾಲಿ ಬಿಡುವಂತಿಲ್ಲ. ನಗು ಬರಬೇಕು, ಚಿತ್ರ ಚೆನ್ನಾಗಿರಬೇಕು, ಇಲ್ಲದಿದ್ದರೂ ನಡೆಯಬೇಕು. (ಈ ಅಂಕಣದ ಮೊದಲ ಪ್ಯಾರಾ ಕಿತ್ತುಹಾಕಿ ನೋಡಿ, ಏನೂ ನಷ್ಟವಿಲ್ಲ. ನಾನೂ ಅದೇ ಶಾಲೆಯಲ್ಲಿ ಓದಿದವನು.)

ಜಾಗ ಚಿಕ್ಕದಾದ ಮಾತ್ರಕ್ಕೆ ಕಾವಲು ಸಡಿಲವಾಗಲಿಲ್ಲ. ಮಾರ್ಟ್ ವಾಕರ್ ಅಂತ ಇದ್ದರು, 'ಬೀಟಲ್ ಬೇಲಿ' ಎಂಬ ಸೋಮಾರಿ ಸಿಪಾಯಿಯ ಸ್ಟ್ರಿಪ್ ಬರೆಯುತ್ತಿದ್ದವರು. ಅದರಲ್ಲಿ ಒಮ್ಮೊಮ್ಮೆ ಈಜುಡುಗೆ ತೊಟ್ಟ ಹುಡುಗಿಯರು ಬರುತ್ತಿದ್ದರು. ಹುಡುಗಿ ಅಂದ ಮೇಲೆ ಹೊಟ್ಟೆ, ಹೊಟ್ಟೆ ಅಂದ ಮೇಲೆ ಹೊಕ್ಕುಳು. ವಾಕರ್ ಅಲ್ಲೊಂದು ಚುಕ್ಕೆ ಇಟ್ಟರು, ಅಷ್ಟೇ. ಸಿಂಡಿಕೇಟಿನ ಸಂಪಾದಕರಿಗೆ ಎದೆ ಝಲ್ಲೆಂದಿತು. ಆ ಚುಕ್ಕೆ ಮನೆಮನೆಗೆ ಹೋದರೆ ಸಮಾಜದ ಗತಿ ಏನು? ರೇಜರ್ ಬ್ಲೇಡ್ ತಗೊಂಡು ಚಿತ್ರದಿಂದ ಹೊಕ್ಕುಳನ್ನು ಕೊರೆದು ತೆಗೆದರು.

ಸ್ವಲ್ಪ ನಿಂತು ಆ ದೃಶ್ಯ ನೋಡಿ. ದೊಡ್ಡ ಕಚೇರಿ. ಕೋಟು ತೊಟ್ಟ, ಓದಿಕೊಂಡ, ಸಂಸಾರಸ್ಥ ಮನುಷ್ಯ. ಮೇಜಿನ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಸಾಸಿವೆ ಕಾಳಿನಷ್ಟು ಕಾಗದ ಕೊರೆಯುತ್ತಿದ್ದಾನೆ. ಬ್ಲೇಡು ಜಾರಿದರೆ ಹುಡುಗಿಯ ಸೊಂಟವೇ ಹೋಯಿತು! ಸಂಜೆ ಮನೆಗೆ ಹೋದಾಗ ಮಕ್ಕಳು ಕೇಳಿರಬೇಕು, ಅಪ್ಪಾ, ಇವತ್ತು ಆಫೀಸಿನಲ್ಲಿ ಏನು ಮಾಡಿದೆ ಅಂತ. ಏನು ಹೇಳಿದನೋ, ಪಾಪ.

ವಾಕರ್ ಜಗಳಕ್ಕೆ ಹೋಗಲಿಲ್ಲ. ಬ್ಲೇಡಿಗೆ ಕೆಲಸ ಜಾಸ್ತಿ ಮಾಡಿದರು. ಬೇಕಾದ ಕಡೆ ಒಂದು, ಬೇಡದ ಕಡೆ ಹತ್ತು, ಅಂಚಿನ ಖಾಲಿ ಜಾಗದಲ್ಲೂ ಹೊಕ್ಕುಳು ಬರೆದು ಕಳಿಸಿದರು. ಕೊರೆದು ತೆಗೆದ ಚೂರುಗಳನ್ನು ಹಾಕಿಡಲು ಕಚೇರಿಯಲ್ಲಿ ಒಂದು ಡಬ್ಬಿಯನ್ನೇ ಇಟ್ಟಿದ್ದರಂತೆ. ಕೊನೆಗೊಂದು ದಿನ ವಾಕರ್ ಕಿತ್ತಳೆ ಹಣ್ಣಿನ ಸ್ಟ್ರಿಪ್ ಬರೆದರು. ಇಂಗ್ಲಿಷಿನಲ್ಲಿ ನೇವಲ್ ಆರೆಂಜ್ ಅಂತಾರೆ, ಬುಡದಲ್ಲಿ ಹೊಕ್ಕುಳಿನಂಥ ಗುಳಿ ಇರುವ ಹಣ್ಣು. ಸೈನ್ಯದ ಶಿಬಿರಕ್ಕೆ ಆ ಹಣ್ಣು ಬಂದು ಇಳಿಯುತ್ತದೆ. ಈಗ ಕೊರೀರಿ ನೋಡೋಣ! ಸಂಪಾದಕರು ಬ್ಲೇಡು ಕೆಳಗಿಟ್ಟರು. ಸಮಾಜ ಏನಾಯಿತು ಅಂತ ನಿಮಗೇ ಗೊತ್ತು.

ರಜೆ? ಆ ಮಾತು ಎತ್ತಬಾರದು. ಶುಲ್ಜ್ ಐವತ್ತು ವರ್ಷದಲ್ಲಿ ಒಂದೇ ಸಲ ರಜೆ ತಗೊಂಡರು. 1997ರಲ್ಲಿ, ಎಪ್ಪತ್ತೈದು ತುಂಬಿದ ನೆಪದಲ್ಲಿ, ಐದು ವಾರ. ಮಾದರಿ ನೌಕರ ಅಂದರೆ ಹೀಗಿರಬೇಕು. ಬಿಲ್ ವಾಟರ್ಸನ್ ಎಂಬ ಇನ್ನೊಬ್ಬರನ್ನು ನೋಡಿ. ಒಬ್ಬ ಹುಡುಗ, ಅವನ ಹುಲಿ, ಇವರಿಬ್ಬರ ಸ್ಟ್ರಿಪ್ 'ಕ್ಯಾಲ್ವಿನ್ ಅಂಡ್ ಹಾಬ್ಸ್' ಶುರುಮಾಡಿ ಆರು ವರ್ಷ ಆಗಿತ್ತೋ ಇಲ್ಲವೋ, 1991ರಲ್ಲಿ ತಿಂಗಳುಗಟ್ಟಲೆ ರಜೆ ಹೋದರು. ವಾಪಸ್ ಬಂದವರು, ಭಾನುವಾರದ ಅರ್ಧ ಪುಟ ಕೊಡಿ, ಅದನ್ನು ಕತ್ತರಿಸಬೇಡಿ ಅಂದರು. ಸಂಪಾದಕರಿಗೆ ಮೈಯೆಲ್ಲ ಉರಿಯಿತು. ಚಿತ್ರ ಬರೆಯುವವನು ಚಿತ್ರಕ್ಕೆ ಜಾಗ ಕೇಳುವುದು ಅಂದರೇನು? ಅಷ್ಟಕ್ಕೆ ನಿಲ್ಲಲಿಲ್ಲ. ಆ ಹುಲಿಯ ಗೊಂಬೆ ಮಾಡಿ ಮಾರೋಣ ಅಂದರೆ ಒಲ್ಲೆ ಅಂದರು. ಹತ್ತು ವರ್ಷ ಆಗುತ್ತಿದ್ದ ಹಾಗೆ, 1995ರ ಡಿಸೆಂಬರ್ 31ಕ್ಕೆ, ಸ್ಟ್ರಿಪ್ಪನ್ನೇ ನಿಲ್ಲಿಸಿಬಿಟ್ಟರು. ಆಗ ಅವರಿಗೆ ಮೂವತ್ತೇಳು. ಇನ್ನೂ ನಲವತ್ತು ವರ್ಷ ಹಿಂಡಬಹುದಾಗಿದ್ದ ಹಸು! ಒದ್ದು ಕೊಟ್ಟಿಗೆಯಿಂದ ಎದ್ದು ಹೋಯಿತು.

ಇಂಥವರಿಂದ ಉದ್ಯಮಕ್ಕೆ ಕೆಟ್ಟ ಹೆಸರು. ಒಳ್ಳೆಯ ಪದ್ಧತಿ ಬೇರೆ ಇದೆ. ಚಿಕ್ ಯಂಗ್ 1930ರಲ್ಲಿ 'ಬ್ಲಾಂಡಿ' ಶುರುಮಾಡಿದರು. ಅದರ ಡ್ಯಾಗ್‌ವುಡ್ ಇವತ್ತಿಗೂ ಆಫೀಸಿಗೆ ಲೇಟಾಗಿ ಓಡುತ್ತಾನೆ, ಸೋಫಾ ಮೇಲೆ ನಿದ್ದೆ ಹೊಡೆಯುತ್ತಾನೆ. 1973ರಲ್ಲಿ ಯಂಗ್ ತೀರಿಕೊಂಡರು. ಡ್ಯಾಗ್‌ವುಡ್‌ಗೆ ಅದು ಗೊತ್ತಿಲ್ಲ. ಅನುಕಂಪದ ಆಧಾರದ ನೌಕರಿಯ ಹಾಗೆ ಅಪ್ಪನ ಸ್ಟ್ರಿಪ್ಪು ಮಗನಿಗೆ ಬಂತು. ಪುಟ ತುಂಬಿತು, ಓದುಗರಿಗೂ ಅಭ್ಯಾಸ ತಪ್ಪಲಿಲ್ಲ. ಹೊಸ ಹುಡುಗ ಯಾರಾದರೂ ಹೊಸ ಸ್ಟ್ರಿಪ್ ತಂದು ಬಾಗಿಲಲ್ಲಿ ನಿಂತರೆ, ಜಾಗ ಇಲ್ಲಪ್ಪ, ಸತ್ತವರು ಎದ್ದಮೇಲೆ ಬಾ.

ಇದರ ಪರಮಾವಧಿ ಅನಾಥೆ ಆ್ಯನಿಯ ಕತೆ. ಹೆರಾಲ್ಡ್ ಗ್ರೇ 1924ರಲ್ಲಿ ಹುಟ್ಟಿಸಿದ ಹುಡುಗಿ ಅವಳು. 1968ರಲ್ಲಿ ಗ್ರೇ ಹೋದರು. ಅನಾಥೆ ಇನ್ನೊಮ್ಮೆ ಅನಾಥೆಯಾದಳು. ಯಾರು ಯಾರೋ ಸಾಕಿದರು. ನಡುವೆ ಕೆಲವು ವರ್ಷ ಬರೆಯುವವರು ಸಾಲದೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದರು. 2010ರ ಹೊತ್ತಿಗೆ ಸ್ಟ್ರಿಪ್ ಕೊಳ್ಳುವ ಪತ್ರಿಕೆಗಳು ಇಪ್ಪತ್ತೂ ಉಳಿದಿರಲಿಲ್ಲ. ಜೂನ್ 13ಕ್ಕೆ ಮುಚ್ಚಿದರು. ಆ ದಿನ ಆ್ಯನಿ ಒಬ್ಬ ಕೊಲೆಗಡುಕನ ಕೈಯಲ್ಲಿ ಸಿಕ್ಕಿಬಿದ್ದಿದ್ದಳು. ಬಿಡಿಸಿಕೊಂಡು ಬರಲು ಇನ್ನೊಂದು ವಾರ ಕೊಡಿ ಅಂತ ಯಾರೂ ಕೇಳಲಿಲ್ಲವೋ, ಕೇಳಿದರೂ ಕೊಡಲಿಲ್ಲವೋ. ನಾಲ್ಕು ವರ್ಷ ಹುಡುಗಿ ಅಲ್ಲೇ ಇದ್ದಳು. 2014ರಲ್ಲಿ ಅವಳನ್ನು ಹುಡುಕಲು ಹೊರಟವನು ಡಿಕ್ ಟ್ರೇಸಿ, ಬೇರೊಂದು ಸ್ಟ್ರಿಪ್ಪಿನ ಪತ್ತೇದಾರ. ಅವನನ್ನು ಸೃಷ್ಟಿಸಿದ ಚೆಸ್ಟರ್ ಗೂಲ್ಡ್ ತೀರಿಕೊಂಡದ್ದು 1985ರಲ್ಲಿ. ಸತ್ತವರೊಬ್ಬರ ಪೊಲೀಸು ಸತ್ತವರೊಬ್ಬರ ಮಗುವನ್ನು ಪತ್ತೆ ಮಾಡಿದ. ಕೇಸು ಖುಲಾಸೆ.

ಶುಲ್ಜ್‌ಗೆ ಇದೆಲ್ಲ ಗೊತ್ತಿತ್ತು ಅಂತ ಕಾಣುತ್ತದೆ. ತಮ್ಮ ನಂತರ ಬೇರೆ ಯಾರೂ ಬರೆಯಕೂಡದು ಅಂತ ಗಟ್ಟಿ ಮಾಡಿಕೊಂಡಿದ್ದರು. 1999ರ ಡಿಸೆಂಬರಿನಲ್ಲಿ, ಕ್ಯಾನ್ಸರ್ ಬಂದ ಮೇಲೆ, ನಿವೃತ್ತಿ ಅಂದರು. ಕೊನೆಯ ಭಾನುವಾರದ ಸ್ಟ್ರಿಪ್ಪಿನಲ್ಲಿ ಓದುಗರಿಗೆ ಒಂದು ವಿದಾಯದ ಪತ್ರ. ಅದು ಅಚ್ಚಾಗಬೇಕಿದ್ದದ್ದು 2000ದ ಫೆಬ್ರವರಿ 13ಕ್ಕೆ. ಶನಿವಾರ, 12ರ ರಾತ್ರಿ, ಅವರು ನಿದ್ದೆಯಲ್ಲೇ ಹೋದರು. ಬೆಳಿಗ್ಗೆ ಸ್ಟ್ರಿಪ್ ಬಂತು. ಗಡುವು ತಪ್ಪಲಿಲ್ಲ.

ಸೋಮವಾರವೂ ಪೇಪರಿನಲ್ಲಿ ಆ ಜಾಗ ಖಾಲಿ ಇರಲಿಲ್ಲ. ಎಂದೋ ಬರೆದ ಹಳೆಯ ಸ್ಟ್ರಿಪ್, ಮೇಲೆ ಅದೇ ಹೆಸರು. ಕಡಲೆಕಾಯಿ.