ಸ್ಪಷ್ಟನೆ: ‘ಯುಟೋಪಿಯಾ’ ಎಲ್ಲರಿಗೂ ಒಂದೇ ಲೋಕವಲ್ಲ

‘ಯುಟೋಪಿಯಾ ಎಂದರೆ ಯಾರಿಗೂ ದುಃಖವಿಲ್ಲದ ಲೋಕ, ಡಿಸ್ಟೋಪಿಯಾ ಅದಕ್ಕೆ ತದ್ವಿರುದ್ಧ, ಯಾರು ನೋಡಿದರೂ ವ್ಯತ್ಯಾಸ ತಿಳಿಯುತ್ತದೆ’ ಎಂಬ ವಿವರಣೆಯೊಂದು ಹರಿದಾಡುತ್ತಿದೆ. ಇದು ಸರಿಯಲ್ಲ.

1516ರಲ್ಲಿ ಇಂಗ್ಲೆಂಡಿನ ಲೇಖಕ ಥಾಮಸ್ ಮೋರ್ ತನ್ನ ಕೃತಿಯೊಂದರ ಕಲ್ಪಿತ ದ್ವೀಪಕ್ಕಾಗಿ ಗ್ರೀಕ್ ಮೂಲದಿಂದ ಕಟ್ಟಿದ ‘ಯುಟೋಪಿಯಾ’ ಎಂಬ ಹೆಸರಿನ ನೇರ ಅರ್ಥ ‘ಇಲ್ಲದ ಊರು’. ‘ಒಳ್ಳೆಯ ಊರು’ ಎಂಬುದು ಅದರ ಉಚ್ಚಾರಣೆಯಲ್ಲಿರುವ ಶ್ಲೇಷೆ. ಅವನು ಬಣ್ಣಿಸಿದ ದ್ವೀಪದಲ್ಲಿ ಖಾಸಗಿ ಆಸ್ತಿಯಿಲ್ಲ, ದಿನಕ್ಕೆ 6 ಗಂಟೆಯಷ್ಟೇ ದುಡಿಮೆ. ಆದರೆ ಅಲ್ಲಿ ಗುಲಾಮರೂ ಇದ್ದಾರೆ, ಅವರಿಗೆ ತೊಡಿಸುವ ಸಂಕೋಲೆ ಚಿನ್ನದ್ದು. ಚಿನ್ನದ ಆಸೆಯನ್ನು ಗೆದ್ದ ನಾಗರಿಕನು ಕೀಳೆಂದು ಕಾಣುವ ಆ ಲೋಹವನ್ನು ಕಾಲಿನಲ್ಲಿ ಹೊತ್ತು ದುಡಿಯುವವನು ಅದೇ ದ್ವೀಪವನ್ನು ಯಾವ ಹೆಸರಿನಿಂದ ಕರೆದಾನು ಎಂಬ ಪ್ರಶ್ನೆಗೆ ಮೇಲಿನ ವಿವರಣೆಯಲ್ಲಿ ಜಾಗವೇ ಇಲ್ಲ.

ಬರೆಯುವವರ ಬದುಕೂ ಇಲ್ಲಿ ಮುಖ್ಯ. ಪರದೆಯ ಕಟ್ಟುಪಾಡಿನಲ್ಲಿ ಬೆಳೆದ ಬಂಗಾಳದ ಲೇಖಕಿ ರೊಕೆಯಾ ಸಖಾವತ್ ಹುಸೇನ್ 1905ರಲ್ಲಿ ಪ್ರಕಟಿಸಿದ ‘ಸುಲ್ತಾನಾಸ್ ಡ್ರೀಮ್’ ಕಥೆಯಲ್ಲಿ ಗಂಡಸರು ಮನೆಯೊಳಗಿದ್ದು, ಹೆಂಗಸರು ನಾಡನ್ನು ಆಳುತ್ತಾರೆ. ಹೆದರದೆ ಬೀದಿಯಲ್ಲಿ ನಡೆಯುವುದು ಹುಟ್ಟಿನಿಂದಲೇ ದಕ್ಕಿದವರಿಗೆ ಅದೊಂದು ಕನಸೆಂದು ಹೊಳೆಯುವುದು ಕಷ್ಟ. ಕಥೆಯ ನಾಯಕಿಗಾದರೋ ಆ ನಡಿಗೆಯೇ ಮೊದಲ ಬೆರಗು.

ಹಾಗೆಂದು ಎಲ್ಲವೂ ಅವರವರ ಅಭಿರುಚಿಗೆ ಬಿಟ್ಟದ್ದೆಂದು ಇದರ ಅರ್ಥವಲ್ಲ. ಹಸಿವು, ಚಿತ್ರಹಿಂಸೆಗಳು ಅನುಭವಿಸುವ ಯಾರಿಗೂ ಕೇಡೇ. ನಮ್ಮ ತಕರಾರು ‘ಯಾರು ನೋಡಿದರೂ’ ಎಂಬ ಮಾತಿಗೆ ಮಾತ್ರ ಸಂಬಂಧಿಸಿದೆ.