ಅಟ್ಟ ಹತ್ತಿದ ಉಯಿಲು

ಆಸ್ತಿ ಮಾಡೋದು ಕಷ್ಟ ಅನ್ನುವವರು ಒಮ್ಮೆ ಉಯಿಲಿಗೆ ಇಬ್ಬರು ಸಾಕ್ಷಿ ಹುಡುಕಿ ನೋಡಬೇಕು.

ತಿಪಟೂರು ಹತ್ತಿರದ ನಮ್ಮ ದೊಡ್ಡಪ್ಪ ಛಾಪಾ ಕಾಗದ ತರಲು ಹೊರಟಿದ್ದರು. ಬಿಳಿ ಹಾಳೆ ಸಾಕು, ನೋಂದಣಿಯೂ ಕಡ್ಡಾಯ ಅಲ್ಲ ಅಂದರು ವಕೀಲರು. ದೊಡ್ಡಪ್ಪನ ಮುಖ ಬಾಡಿತು. ದುಡ್ಡು ಖರ್ಚಾಗದ ಕಾಗದವನ್ನು ಅವರು ನಂಬುವುದಿಲ್ಲ.

ಸಾಕ್ಷಿ ಮಾತ್ರ ಇಬ್ಬರು ಬೇಕೇ ಬೇಕು, 1925ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ಮೊದಲು ಬಂದದ್ದು ದೊಡ್ಡಪ್ಪನಿಗಿಂತ ವಯಸ್ಸಾದ ಗೆಳೆಯರು. "ಇವರೇ ಮೊದಲು ಹೋಗಿಬಿಟ್ಟರೆ ಕೋರ್ಟಿಗೆ ಬಂದು ಹೇಳೋರು ಯಾರು?" ಅಂತ ವಕೀಲರು ಮೆಲ್ಲಗೆ ಕೇಳಿದ್ದು ಅವರಿಗೆ ಚೆನ್ನಾಗೇ ಕೇಳಿಸಿ, ಕಾಫಿ ಮುಟ್ಟದೆ ಎದ್ದು ಹೋದರು. ದೊಡ್ಡಪ್ಪನ ಭಾವಮೈದ ರೆಡಿ ಇದ್ದರು. ಆದರೆ ಐದು ಗುಂಟೆ ಬರೋರೇ ಸಾಕ್ಷಿ ಹಾಕಿದರೆ ನಾಳೆ ಅನುಮಾನಕ್ಕೆ ದಾರಿ ಅಂದರು ವಕೀಲರು.

"ಐದೇ ಗುಂಟೆನಾ ಭಾವ?"

ಗುಟ್ಟು ಅಲ್ಲಿಗೆ ರಟ್ಟಾಯಿತು.

ಕೊನೆಗೆ ಔಷಧಿ ಅಂಗಡಿ ಹುಡುಗ, ಪಕ್ಕದ ಮನೆ ಮೇಷ್ಟ್ರು ಸಿಕ್ಕರು. ಸಾಕ್ಷಿ ನೋಡಬೇಕಾದ್ದು ಸಹಿ ಹಾಕುವುದನ್ನು, ಒಳಗಿನ ವಿಷಯವನ್ನಲ್ಲ. ಮೇಷ್ಟ್ರು ಕೇಳಬೇಕಲ್ಲ! ದೊಡ್ಡಪ್ಪ ಸಹಿ ಹಾಕಿದ್ದೇ ತಡ, ಕನ್ನಡಕ ಏರಿಸಿ ಪೂರ್ತಿ ಓದಿ, ಕೆಂಪು ಪೆನ್ನಲ್ಲಿ ಎರಡು ಒತ್ತಕ್ಷರ ತಿದ್ದಿಯೇಬಿಟ್ಟರು. ತಿದ್ದಿದ ಜಾಗದ ಪಕ್ಕದಲ್ಲೆಲ್ಲ ಮತ್ತೆ ಮೂವರ ಸಹಿ.

ಇನ್ನು ಇಡೋದೆಲ್ಲಿ? ಬ್ಯಾಂಕ್ ಲಾಕರ್ ಅಂದದ್ದಕ್ಕೆ ದೊಡ್ಡಮ್ಮ, "ನೀವು ಹೋದ ಮೇಲೆ ಲಾಕರ್ ತೆಗೆಯೋಕೆ ಕಾಗದ ಕೇಳ್ತಾರೆ. ಕಾಗದ ಲಾಕರಲ್ಲಿ ಇರುತ್ತೆ" ಅಂದರು. ವಕೀಲರಿಗಿಂತ ದೊಡ್ಡಮ್ಮ ವಾಸಿ. ದೊಡ್ಡಪ್ಪ ಯಾರಿಗೂ ಹೇಳದೆ ಅದನ್ನು ಕೊಬ್ಬರಿ ಅಟ್ಟಕ್ಕೆ ಸೇರಿಸಿದರು. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಒಳಗೇ ಒಣಗಿ ಗಿಟುಕು, ಅಂದರೆ ಕೊಬ್ಬರಿ, ಆಗೋವರೆಗೆ, ಹೆಚ್ಚುಕಮ್ಮಿ ಒಂದು ವರ್ಷ, ಯಾರೂ ಮುಟ್ಟೋದಿಲ್ಲ. ರೇಟು ಏರಿದರೆ ಮಾತ್ರ ಮುಟ್ಟುತ್ತಾರೆ. ರೇಟು ಏರಿತು. ದೊಡ್ಡಪ್ಪ ಮದುವೆ ಊಟ ಮುಗಿಸಿ ಬರೋ ಹೊತ್ತಿಗೆ ಮಗ ಅಟ್ಟ ಖಾಲಿ ಮಾಡಿಸಿದ್ದ. ಕಾಯಿ ಸುಲಿಯೋರ ಕಾಲ ಕೆಳಗೆ, ಮಟ್ಟೆ ರಾಶಿಯಲ್ಲಿ ಪ್ಲಾಸ್ಟಿಕ್ ಕವರು ಸಿಕ್ಕಿತು. ಒಂದು ಮೂಲೆಯನ್ನು ಇಲಿ ತಿಂದಿತ್ತು, ಪುಣ್ಯಕ್ಕೆ ಸಹಿ ಉಳಿದಿತ್ತು.

ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಮೊಹರು ಮಾಡಿದ ಲಕೋಟೆಯಲ್ಲಿ ಉಯಿಲು ಇಡಬಹುದು, 1908ರ ನೋಂದಣಿ ಕಾಯ್ದೆಯಲ್ಲಿ ಅದಕ್ಕೆ ಅವಕಾಶ ಇದೆ. ಹೊಸದಾಗಿ ಬರೆಸಿ, ಅದೇ ಇಬ್ಬರ ಸಾಕ್ಷಿ ಹಾಕಿಸಿ (ಮೇಷ್ಟ್ರ ಕೆಂಪು ಪೆನ್ನನ್ನು ಮೊದಲೇ ಇಸ್ಕೊಂಡು), ಅರಗು ಕಾಯಿಸಿ ಬೆರಳು ಸುಟ್ಟುಕೊಂಡು, ತುಮಕೂರಿಗೆ ಹೋಗಿ ಇಟ್ಟು ಬಂದೆವು. ವಾಪಸ್ ಬರುವಾಗ ಬಸ್ಸು ಗುಬ್ಬಿ ದಾಟಿತ್ತು.

"ಲೋ, ಬೋರ್‌ವೆಲ್ ಯಾರಿಗೆ ಅಂತ ಬರೆಸಿದ್ವಿ?" ಅಂದರು ದೊಡ್ಡಪ್ಪ.