ನೆಕ್ಕಿ ನೋಡಿದ ಕಲ್ಲು

ಕಲ್ಲಿಗೆ ಆಕಾರ ಅನ್ನೋದು ಪುಕ್ಸಟ್ಟೆ ಸಿಗತ್ತೆ ನೋಡಿ. ನೀರಲ್ಲಿ ಉರುಳಿ ಉರುಳಿ ಒಂದು ಮಂಡಿಚಿಪ್ಪಾಗತ್ತೆ, ಬಿಸಿಲಲ್ಲಿ ಸೀಳಿ ಇನ್ನೊಂದು ಕೋರೆಹಲ್ಲಾಗತ್ತೆ, ನಮ್ಮ ಕಣ್ಣಿಗೋ ಮೋಡದಲ್ಲೂ ಆನೆ ಕಾಣೋ ಚಟ. ಹಾಗಾಗಿ ಕೈಗೆ ಸಿಕ್ಕಿದ್ದು ಡೈನೋಸಾರ್ ಮೂಳೆನೇ ಅಂತ ಹಠ ಹಿಡಿಯೋರು ಎಲ್ಲಾ ದೇಶದಲ್ಲೂ ಇದಾರೆ, "ಇಲ್ಲ ಸರ್, ಇದು ಬರೀ ಕಲ್ಲು" ಅಂದ್ರೆ ಮನೆಯವರಿಗೇ ಬೈದಷ್ಟು ಬೇಜಾರು ಮಾಡ್ಕೋತಾರೆ.

ನಿಜವಾದ ಮೂಳೆ ಗೊತ್ತಾಗೋದು ಆಕಾರದಿಂದಲ್ಲ, ಒಡೆದ ಜಾಗದಿಂದ. ಮಾಮೂಲಿ ಕಲ್ಲು ಒಡೆದ್ರೆ ಸಾಮಾನ್ಯವಾಗಿ ಒಳಗೂ ಹೊರಗೂ ಒಂದೇ ಥರ ಇರತ್ತೆ. ಮೂಳೆಗೆ ಹಾಗಲ್ಲ, ಹೊರಗಡೆ ಒತ್ತಾದ ಗಟ್ಟಿ ಪದರ, ಒಳಗೆ ಸ್ಪಾಂಜಿನ ಹಾಗೆ ಸಣ್ಣ ಸಣ್ಣ ಗೂಡು. ಜೀವ ಇದ್ದಾಗ ಮಜ್ಜೆ, ರಕ್ತನಾಳ ಎಲ್ಲ ಇದ್ದ ಜಾಗ ಅದು, ಹೂತ ಮೇಲೆ ನೀರಿನ ಜೊತೆ ಬಂದ ಖನಿಜ ಆ ಗೂಡುಗಳಲ್ಲಿ ತುಂಬ್ಕೊಂಡಿರತ್ತೆ, ಆದ್ರೂ ಹತ್ತುಪಟ್ಟು ದೊಡ್ಡದು ಮಾಡಿ ತೋರ್ಸೋ ಲೆನ್ಸ್ ಹಿಡಿದ್ರೆ ಗೂಡಿನ ನಕ್ಷೆ ಹಾಗೇ ಕಾಣತ್ತೆ. ಬಣ್ಣ ನಂಬೋ ಹಾಗಿಲ್ಲ, ಯಾವ ಖನಿಜ ಸೇರಿದೆಯೋ ಆ ಬಣ್ಣ: ಕಪ್ಪು, ಕಂದು, ಕೆಂಪು.

ಇನ್ನು ನಾಲಿಗೆ ಪರೀಕ್ಷೆ. ಹೌದು, ನೆಕ್ಕೋದು! ಮೂಳೆಯ ತೂತು ಪೂರ್ತಿ ತುಂಬಿಲ್ಲ ಅಂದ್ರೆ ಅವು ಎಂಜಲನ್ನ ಎಳ್ಕೊಂಡು ನಾಲಿಗೆಗೆ ಕಚ್ಕೊಂಡ ಹಾಗಾಗತ್ತೆ. ಆದ್ರೆ ಒಣಗಿದ ಜೇಡಿಮಣ್ಣೂ ಅಂಟತ್ತೆ, ಪೂರ್ತಿ ಕಲ್ಲಾದ ಮೂಳೆ ಅಂಟೋದೇ ಇಲ್ಲ, ಕೆಲವು ಹಳೇ ಮೂಳೆಗಳಲ್ಲಿ ಯುರೇನಿಯಂ ಕೂಡ ಸೇರಿರತ್ತೆ, ಅದರ ಮೇಲೆ ಯಾವ ನಾಯಿ ಕಾಲೆತ್ತಿದೆಯೋ ಅದು ಬೇರೆ. ನನ್ನ ಕೇಳಿದ್ರೆ ಲೆನ್ಸೇ ವಾಸಿ. ಕಲ್ಲು ನೆಕ್ಕೋ ಹುಚ್ಚು ಭೂವಿಜ್ಞಾನಿಗಳಿಗೆ ಯಾಕೆ ಅಂತ ಬರೆದ ಯಾನ್ ಝಲಾಸೀವಿಚ್ ಅವರಿಗೆ 2023ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಇಗ್ ನೊಬೆಲ್ ಪ್ರಶಸ್ತಿ ಬಂತು ಅನ್ನೋದು ಮಾತ್ರ ಸುಳ್ಳಲ್ಲ.

ಆಕಾರ ನಂಬಿದ್ರೆ ಏನಾಗತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಒಂದು ಮೂಳೆ ಸಾಕು. 1677ರಲ್ಲಿ ಪ್ರಕೃತಿ ಅಧ್ಯಯನ ಮಾಡ್ತಿದ್ದ ರಾಬರ್ಟ್ ಪ್ಲಾಟ್ ಅದನ್ನ ನೋಡಿ ತೊಡೆಮೂಳೆಯ ಕೆಳತುದಿ ಅಂತ ಸರಿಯಾಗೇ ಹೇಳಿದ್ರು, ಯಾರ ತೊಡೆ ಅನ್ನೋದರಲ್ಲಿ ಮಾತ್ರ ರಾಕ್ಷಸ ಗಾತ್ರದ ಮನುಷ್ಯನ ಕಡೆ ವಾಲಿದ್ರು. 1763ರಲ್ಲಿ ರಿಚರ್ಡ್ ಬ್ರೂಕ್ಸ್ ಅನ್ನೋ ವೈದ್ಯರು ಅದೇ ಮೂಳೆಯ ಚಿತ್ರ ಮತ್ತೆ ಅಚ್ಚು ಹಾಕಿಸಿ, ಎರಡು ಉಂಡೆ ಇರೋ ಆಕಾರ ನೋಡಿ, ಕೆಳಗೆ ಲ್ಯಾಟಿನ್‌ನಲ್ಲಿ ಗಂಡಸಿನ ವೃಷಣಚೀಲದ ಹೆಸರು ಹಾಕಿಬಿಟ್ರು! ಈಗಿನವರ ಪ್ರಕಾರ ಅದು ಬಹುಶಃ ಮೆಗಲೋಸಾರಸ್ ಅನ್ನೋ ಡೈನೋಸಾರ್‌ದು. ಮೂಳೆ ಕಳೆದುಹೋಗಿದೆ, ಹೆಸರು ಮಾತ್ರ ಉಳ್ಕೊಂಡಿದೆ.

ಮೊಟ್ಟೆದು ಇನ್ನೂ ದೊಡ್ಡ ಗೋಳು. ದುಂಡಗಿದ್ರೆ ಸಾಕು, ಮೊಟ್ಟೆ ಅಂತಾರೆ. ಬಹುಪಾಲು ಅವು ಮಣ್ಣಿನ ಪದರದಲ್ಲಿ ನಡುವಿನ ಒಂದು ಚೂರಿನ ಸುತ್ತ ಖನಿಜ ಕಟ್ಕೊಂಡು ಬೆಳೆದ ಗಟ್ಟಿ ಉಂಡೆಗಳು. ನಿಜವಾದ ಮೊಟ್ಟೆಗೆ ತೆಳ್ಳಗಿನ ಚಿಪ್ಪಿರಬೇಕು, ಅದರಲ್ಲಿ ಗಾಳಿ ಆಡೋ ತೂತಿರಬೇಕು.

ಸಿಕ್ಕ ಜಾಗನೂ ನೋಡ್ಬೇಕು. ಮರಳುಗಲ್ಲು, ಸುಣ್ಣಕಲ್ಲು, ಜೇಡಿಗಲ್ಲು ಆದ್ರೆ ಆಸೆ ಇಟ್ಕೋಬಹುದು, ಭೂಮಿಯೊಳಗೆ ಕರಗಿ ಗಟ್ಟಿಯಾದ ಗ್ರಾನೈಟ್‌ನಲ್ಲಿ ಮೂಳೆ ಹುಡುಕೋದು ದಂಡ. ಅನುಮಾನ ಗಟ್ಟಿಯಾದ್ರೆ ಕೀಳೋಕೆ ಹೋಗ್ಬೇಡಿ, ಯಾಕಂದ್ರೆ ವಯಸ್ಸು ಹೇಳೋದು ಅದು ಕೂತ ಪದರ. ಗಾತ್ರ ಗೊತ್ತಾಗೋಕೆ ಪಕ್ಕದಲ್ಲಿ ಒಂದು ಪೆನ್ ಇಟ್ಟು ಫೋಟೋ ತೆಗೆದು ಮ್ಯೂಸಿಯಂನವರಿಗೆ ಕಳ್ಸಿ. ಒಡೆದ ಮುಖದ ಫೋಟೋನೂ ಇರಲಿ. ಜನ ಕಳ್ಸೋದು ಮಾತ್ರ ಯಾವಾಗ್ಲೂ ಮೊಸಳೆ ಮೂತಿ ಕಾಣೋ ಕಡೆದೇ.